ಹಿಮದ ಇರುಳಿನಲ್ಲಿ ವಿದ್ಯುತ್ತಿಲ್ಲದ ಮನೆ

2021ನೆಯ ಇಸವಿಯ ಫೆಬ್ರವರಿ 15ರಂದು, ನಡುರಾತ್ರಿ ಕಳೆದು ಗಂಟೆ ಎರಡನ್ನು ಸಮೀಪಿಸುತ್ತಿದ್ದ ಹೊತ್ತಿನಲ್ಲಿ, ಅಮೆರಿಕದ ಟೆಕ್ಸಾಸ್ ರಾಜ್ಯದ ವಿದ್ಯುಜ್ಜಾಲದಲ್ಲಿ ಯಾವಾಗಲೂ 60 ಹರ್ಟ್ಸ್‌ನ ಆಸುಪಾಸಿನಲ್ಲಿ ಸ್ಥಿರವಾಗಿರತಕ್ಕ ಆವರ್ತಾಂಕವು 59.4ಕ್ಕಿಂತಲೂ ಕೆಳಕ್ಕಿಳಿಯಿತು. ಈ ಶಾಸ್ತ್ರವನ್ನರಿಯದವರಿಗೆ ಅತ್ಯಲ್ಪವೆಂದು ತೋರುವ ಈ ಇಳಿತವು ಒಂಬತ್ತು ನಿಮಿಷಗಳ ಕಾಲ ಹಾಗೆಯೇ ಮುಂದುವರಿದಿದ್ದ ಪಕ್ಷದಲ್ಲಿ, ಉತ್ಪಾದನಾ ಯಂತ್ರಗಳು ಆತ್ಮರಕ್ಷಣೆಗಾಗಿ ಒಂದರ ಹಿಂದೊಂದರಂತೆ ಜಾಲದಿಂದ ಕಳಚಿಕೊಂಡು, ರಾಜ್ಯದ ಬಹುಭಾಗವು ವಾರಗಟ್ಟಲೆ ಕತ್ತಲೆಯಲ್ಲಿ ಮುಳುಗಬೇಕಾಗುತ್ತಿತ್ತು. ಆ ಅನರ್ಥಕ್ಕೂ ಟೆಕ್ಸಾಸಿಗೂ ನಡುವೆ ಉಳಿದಿದ್ದ ಅವಕಾಶ 4 ನಿಮಿಷ 37 ಸೆಕೆಂಡು ಮಾತ್ರವಾಗಿತ್ತೆಂಬುದು ತರುವಾಯ ಪ್ರಕಟವಾಯಿತು. ಅದನ್ನು ತಪ್ಪಿಸುವುದಕ್ಕೆ ಎಂಜಿನಿಯರುಗಳ ಕೈಯಲ್ಲಿದ್ದ ಉಪಾಯ ಒಂದೇ: ಬಡಾವಣೆ ಬಡಾವಣೆಗಳ ಸರಬರಾಜನ್ನೇ ಕತ್ತರಿಸಿ ಜಾಲದ ಭಾರವನ್ನಿಳಿಸುವುದು. ಹಾಗೆ ಕತ್ತರಿಸಿದ್ದರ ಫಲವಾಗಿ 45 ಲಕ್ಷಕ್ಕೂ ಹೆಚ್ಚು ಮನೆಗಳೂ ಅಂಗಡಿಗಳೂ ವಿದ್ಯುತ್ತನ್ನು ಕಳೆದುಕೊಂಡವು. ಸರದಿಯ ಮೇಲೆ ಗಂಟೆಗೊಮ್ಮೆ ತಿರುಗಬೇಕಾಗಿದ್ದ ಕಡಿತವು ತಿರುಗಲಾರದೆ ಹೋಗಿ, ಅನೇಕ ಮನೆಗಳು ಮೂರು ದಿನ, ನಾಲ್ಕು ದಿನ ಹಾಗೆಯೇ ಉಳಿದವು. ಮರುದಿನ ಡಲ್ಲಾಸ್ ನಗರದಲ್ಲಿ ಉಷ್ಣತೆ ಶೂನ್ಯಕ್ಕಿಂತ 19 ಡಿಗ್ರಿ ಸೆಲ್ಷಿಯಸ್‌ನಷ್ಟು ಕೆಳಗಿಳಿಯಿತು. 1949ರಿಂದೀಚೆಗೆ ಅಲ್ಲಿ ಅಂಥ ಚಳಿ ಬಿದ್ದಿರಲಿಲ್ಲ.

ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳು ಬಹಳ. ಮಕ್ಕಳನ್ನೂ ಮೊಮ್ಮಕ್ಕಳನ್ನೂ ಕಂಡುಬರುವುದಕ್ಕೆಂದು ಅಲ್ಲಿಗೆ ಹೋಗಿ ಆರಾರು ತಿಂಗಳು ತಂಗುವ ನಮ್ಮ ಹಿರಿಯರೂ ಬಹಳ. ಆದಕಾರಣ ಆ ರಾತ್ರಿಗಳಲ್ಲಿ ಮನೆಯೊಳಗೆ ಏನಿರಬೇಕಾಗಿತ್ತು, ಏನಿದ್ದರೂ ಪ್ರಯೋಜನವಾಗುತ್ತಿರಲಿಲ್ಲ, ಏನನ್ನು ಒಳಕ್ಕೆ ತಂದದ್ದರಿಂದ ಪ್ರಾಣಹಾನಿಯೇ ಆಯಿತು ಎಂಬ ವಿಚಾರವು ನಮಗೆ ದೂರದ್ದಲ್ಲ.

ವಿದ್ಯುತ್ತು ಕೈಕೊಡುವುದು ನಮಗೆ ಹೊಸ ಅನುಭವವೇನಲ್ಲ. ಶಿವನಸಮುದ್ರದ ವಿದ್ಯುಚ್ಛಕ್ತಿಯಿಂದ 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಹೊತ್ತಿಕೊಂಡಂದಿನಿಂದ ನಮ್ಮ ಜನಕ್ಕೆ ವಿದ್ಯುತ್ತೆಂದರೆ ಮೊದಲು ನೆನಪಾಗುವುದು ಬೆಳಕು. ಬೇಸಗೆಯ ಲೋಡ್ ಶೆಡ್ಡಿಂಗ್ ಕಾಲದಲ್ಲಿ ಬೆಳೆದ ಯಾರನ್ನು ಕೇಳಿದರೂ, ಮೇಣದ ಬತ್ತಿ, ಬೆಂಕಿಪೊಟ್ಟಣ, ಲಾಟೀನು ಇಂತಿಂಥ ಜಾಗದಲ್ಲಿಯೇ ಇರಬೇಕೆಂದು ತಾಯಿ ವಿಧಿಸಿದ್ದ ಕಟ್ಟಳೆಯನ್ನು ಇಂದಿಗೂ ಹೇಳಿಯಾರು. ಈ ಅಭ್ಯಾಸವನ್ನು ಹೊತ್ತುಕೊಂಡೇ ನಾವು ಚಳಿಯ ನಾಡಿಗೆ ಹೋಗುತ್ತೇವೆ. ಅಲ್ಲಿ ಕರೆಂಟು ಹೋದೊಡನೆ ಕೈ ತಾನಾಗಿ ಟಾರ್ಚನ್ನು ಹುಡುಕುತ್ತದೆ; ಟಾರ್ಚು ಸಿಕ್ಕಿದ ಕೂಡಲೇ ಅರ್ಧ ಕಷ್ಟ ನೀಗಿತೆಂದು ಮನಸ್ಸು ನಿರಾಳವಾಗುತ್ತದೆ. ನಿಜವಾಗಿ ಆ ಮನೆಯಿಂದ ಹೊರಟುಹೋದದ್ದು ಶಾಖ. ಬೆಳಕಿಲ್ಲದೆ ಮನುಷ್ಯನು ಎಷ್ಟು ರಾತ್ರಿಗಳನ್ನಾದರೂ ಕಳೆಯಬಲ್ಲನು, ಶಾಖವಿಲ್ಲದೆ ಕಳೆಯಲಾರನು. ಟೆಕ್ಸಾಸ್ ಸರ್ಕಾರದ ಆರೋಗ್ಯ ಇಲಾಖೆಯು ಆ ಹಿಮಪ್ರಕೋಪದಿಂದ ಸಂಭವಿಸಿದುವೆಂದು ಲೆಕ್ಕಹಾಕಿದ 246 ಮರಣಗಳಲ್ಲಿ 161 ಮರಣಗಳಿಗೆ ಅತಿಶೀತವೇ ಕಾರಣವಾಗಿತ್ತು. ಇವರಲ್ಲಿ ಎಷ್ಟೋ ಮಂದಿ ಸತ್ತದ್ದು ಬೀದಿಯಲ್ಲಲ್ಲ, ತಮ್ಮ ಸ್ವಂತ ಮನೆಗಳ ಒಳಗೆ.

ನಮ್ಮ ಮನೆಯನ್ನು ಬೆಚ್ಚಗಿಡುವುದು ಗ್ಯಾಸು, ಕರೆಂಟು ಹೋದರೆ ನಮಗೇನು ತೊಂದರೆ ಎಂದು ಆಗ ಕೇಳಿದವರುಂಟು. ಗ್ಯಾಸಿನಿಂದ ಉರಿಯುವ ಕುಲುಮೆಯಿದ್ದರೂ, ಅದರ ಬಿಸಿಗಾಳಿಯನ್ನು ಕೋಣೆಕೋಣೆಗೆ ನೂಕುವ ಫ್ಯಾನು ನಡೆಯುವುದು ವಿದ್ಯುತ್ತಿನಿಂದ. ಉರಿಯನ್ನು ಹೊತ್ತಿಸುವ ಕಿಡಿಯೂ, ಇಷ್ಟು ಡಿಗ್ರಿಗೆ ಹೊತ್ತಿಕೋ ಇಷ್ಟಕ್ಕೆ ಆರು ಎಂದು ಅದಕ್ಕೆ ಆಜ್ಞೆ ಮಾಡುವ ಗೋಡೆಯ ಮೇಲಿನ ಯಂತ್ರವೂ ವಿದ್ಯುತ್ತಿಗೇ ಅಧೀನವಾದುವು. ಹೀಗಾಗಿ ಕೊಳವೆಯಲ್ಲಿ ಗ್ಯಾಸು ಸಮೃದ್ಧವಾಗಿದ್ದರೂ ಕುಲುಮೆ ತಣ್ಣಗೆ ಕುಳಿತಿರುತ್ತದೆ. ಜಾಲಕ್ಕೆ ಒದಗಿದ ವಿಪತ್ತೂ ಇದೇ ಜಾತಿಯದು. ವಿದ್ಯುತ್ ಸ್ಥಾವರಗಳಿಗೆ ಬೇಕಾದ ಗ್ಯಾಸಿನ ಹರಿವು ಚಳಿಯಿಂದ ಬಾವಿಗಳಲ್ಲಿಯೇ ಕಟ್ಟಿಕೊಂಡಿತು. ಆ ಗ್ಯಾಸನ್ನು ದೂಡುವ ಪಂಪುಗಳಲ್ಲಿ ಕೆಲವು ವಿದ್ಯುತ್ತಿನಿಂದಲೇ ನಡೆಯುತ್ತಿದ್ದುದರಿಂದ ಕಡಿತದ ಕತ್ತರಿ ಅವುಗಳ ಮೇಲೆಯೂ ಬಿದ್ದು, ಗ್ಯಾಸಿಲ್ಲದೆ ವಿದ್ಯುತ್ತಿಲ್ಲ, ವಿದ್ಯುತ್ತಿಲ್ಲದೆ ಗ್ಯಾಸಿಲ್ಲ ಎಂಬಂತಾಯಿತು. ನೆರೆಯ ರಾಜ್ಯಗಳ ಜಾಲದೊಡನೆ ಟೆಕ್ಸಾಸ್ ಬಹುಮಟ್ಟಿಗೆ ಬೆಸೆದುಕೊಂಡಿಲ್ಲವಾಗಿ ಹೊರಗಿನಿಂದ ನೆರವು ಬರುವುದಕ್ಕೂ ದಾರಿಯಿರಲಿಲ್ಲ. ಅದೇ ರಾಜ್ಯದ ಪಶ್ಚಿಮದ ತುದಿಯಲ್ಲಿದ್ದರೂ ಬೇರೆ ಜಾಲಕ್ಕೆ ಸೇರಿದ ಎಲ್ ಪಾಸೋ ನಗರವು ಆ ಸಂಕಟದಿಂದ ಹೆಚ್ಚುಕಡಮೆ ಪಾರಾಯಿತು.

ಇನ್ನು ಮನೆಯ ಮಾತು. ವಿಶ್ರಾಂತಿಯಲ್ಲಿರುವ ಮನುಷ್ಯನ ದೇಹವು ಹಳೆಯ ಕಾಲದ 100 ವ್ಯಾಟಿನ ಬಲ್ಬೊಂದು ಉರಿಯುವಾಗ ಹೊಮ್ಮುವಷ್ಟು ಶಾಖವನ್ನು ಸದಾ ಹೊರಸೂಸುತ್ತಿರುತ್ತದೆ. ಹೊರಗಿನಿಂದ ಶಾಖವು ಬರುವುದು ನಿಂತ ಮೇಲೆ ಕುಟುಂಬದ ಮೂಲಧನವೆಂದರೆ ಇದೊಂದೇ ಆದುದರಿಂದ, ಕೊಳ್ಳಬೇಕಾದ ವಸ್ತುಗಳಲ್ಲಿ ಅಗ್ರಸ್ಥಾನವು ಈ ಧನವನ್ನು ಸೋರಿಹೋಗದಂತೆ ಕಾಪಾಡುವ ಬಟ್ಟೆಗಳಿಗೆ ಸಲ್ಲತಕ್ಕದ್ದು. ದಪ್ಪನೆಯ ಒಂದೇ ಕೋಟಿಗಿಂತ ತೆಳುವಾದ ಮೂರು ಉಡುಪುಗಳು ಮೇಲು, ಏಕೆಂದರೆ ಅವುಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಚಳಿಗೆ ತಡೆ. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಬೆವರಿನಿಂದಾಗಲಿ ನೀರಿನಿಂದಾಗಲಿ ತೇವವಾದ ಹತ್ತಿ ಮೈಯ ಶಾಖವನ್ನು ಬೇಗ ಕಳೆದುಬಿಡುತ್ತದೆ. ಉಣ್ಣೆಗೆ ಆ ದೋಷವಿಲ್ಲ, ಕೊಂಚ ಒದ್ದೆಯಾದರೂ ಅದು ಬೆಚ್ಚಗೆಯೇ ಇರುತ್ತದೆ. ಚಿತ್ರದುರ್ಗದ ಕಡೆಯ ಕುರಿಗಾಹಿಗಳು ಮಳೆಯಲ್ಲಿ ಹೊದ್ದು ನಡೆಯುವ ಕರಿಯ ಕಂಬಳಿಯ ಗುಣವೂ ಇದೇ. ಮಗನ ಮನೆಗೆ ಹೊರಟ ತಾಯ್ತಂದೆಗಳು ಪೆಟ್ಟಿಗೆಯಲ್ಲಿ ಹಪ್ಪಳ ಸಂಡಿಗೆಗಳ ಜತೆಗೆ ಅಂಥದೊಂದು ಕಂಬಳಿಯನ್ನು ಮಡಿಸಿಟ್ಟುಕೊಂಡರೆ ಭಾರವೆನಿಸಬಹುದಾದರೂ ವ್ಯರ್ಥವಾಗಲಾರದು. ಮಂಕಿ ಕ್ಯಾಪು, ಉಣ್ಣೆಯ ಕಾಲುಚೀಲ, ಕೈಗವಸು, ಮಲಗುವುದಕ್ಕೆ ಚಳಿಯ ನಾಡಿನವರು ಬಳಸುವ ಸ್ಲೀಪಿಂಗ್ ಬ್ಯಾಗು, ನೆಲದ ತಣ್ಪು ಬೆನ್ನಿಗೆ ಏರದಂತೆ ಕೆಳಗೆ ಹಾಸಲು ಕೌದಿಯೋ ಚಾಪೆಯೋ, ಇಷ್ಟಿದ್ದರೆ ದೇಹದ ವ್ಯವಸ್ಥೆಯಾದಂತೆ.

ಆಮೇಲೆ ಮನೆಯನ್ನು ಕಿರಿದುಮಾಡಿಕೊಳ್ಳಬೇಕು. ಎರಡು ಅಂತಸ್ತಿನ ಆರು ಕೋಣೆಗಳನ್ನು ಬೆಚ್ಚಗಿಡಲು ನಾಲ್ವರ ಮೈಶಾಖ ಸಾಲದು. ಒಂದೇ ಚಿಕ್ಕ ಕೋಣೆಗೆ ಎಲ್ಲರೂ ಸೇರಿ, ಬಾಗಿಲು ಮುಚ್ಚಿ, ಬಾಗಿಲಡಿಯ ಸಂದಿಗೆ ಟವಲನ್ನು ತುರುಕಿ, ಕಿಟಕಿಗಳ ಮೇಲೆ ರಗ್ಗುಗಳನ್ನು ತೂಗುಹಾಕಿದರೆ, ಹೊರಗಿನ ಹವೆಗೂ ಒಳಗಿನದಕ್ಕೂ ಎದ್ದುಕಾಣುವ ಅಂತರವುಂಟಾಗುತ್ತದೆ. ಹಗಲಿನಲ್ಲಿ ದಕ್ಷಿಣಕ್ಕೆ ಮುಖವಿರುವ ಕಿಟಕಿಯ ಪರದೆಯನ್ನು ಮಾತ್ರ ತೆರೆದು ಬಿಸಿಲನ್ನು ಬರಮಾಡಿಕೊಂಡು, ಹೊತ್ತು ಇಳಿದ ಕೂಡಲೇ ಮುಚ್ಚಬೇಕು. ಮಕ್ಕಳು ಹಿತ್ತಲಲ್ಲಿ ಆಡುವ ಬಟ್ಟೆಯ ಡೇರೆಯಿದ್ದರೆ ಅದನ್ನು ಆ ಕೋಣೆಯೊಳಗೇ ಎತ್ತಿಕಟ್ಟಿ ಅದರಲ್ಲಿ ಮಲಗಬಹುದು. ಇದು ಆಟವೆಂದು ತೋರಿದರೂ ಬಹು ಸಾರ್ಥಕವಾದ ಉಪಾಯ. ಎಳೆಗೂಸಿಗೆ ಕುಲಾವಿಯಿಂದ ಕಾಲುಚೀಲದವರೆಗೆ ಪದರಪದರವಾಗಿ ತೊಡಿಸತಕ್ಕದ್ದೇ ಹೊರತು, ಮುಖದ ಮೇಲೆ ಜಾರಿ ಉಸಿರುಕಟ್ಟಿಸಬಹುದಾದ ಸಡಿಲವಾದ ಹೊದಿಕೆಗಳನ್ನು ಹೊದಿಸಿ ಮಲಗಿಸಕೂಡದು. ವೃದ್ಧರ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಯಾಕೆಂದರೆ ವಯಸ್ಸಾದವರಿಗೆ ಚಳಿಯು ಮೈಯಲ್ಲಿ ಇಳಿದದ್ದು ಬೇಗ ಗೊತ್ತಾಗುವುದಿಲ್ಲ. ಗೊತ್ತಾದರೂ ಮಕ್ಕಳಿಗೆ ತೊಂದರೆಯಾದೀತೆಂದು ನಮ್ಮ ಹಿರಿಯರು ಬಾಯಿಬಿಡುವುದಿಲ್ಲ. ದೇಹದ ಒಳ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿದರೆ ಅಪಾಯ. ಮೊದಲು ನಡುಕ, ಆಮೇಲೆ ಮಾತು ತೊದಲುವುದು, ಕೈಯಿಂದ ವಸ್ತುಗಳು ಜಾರುವುದು, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ. ನಡುಗುತ್ತಿದ್ದವರು ಚಳಿ ಹಾಗೆಯೇ ಇರುವಾಗ ನಡುಗುವುದನ್ನು ನಿಲ್ಲಿಸಿದರೆಂದರೆ ಅದು ಸುಧಾರಣೆಯ ಗುರುತಲ್ಲ. ತಡಮಾಡದೆ ವೈದ್ಯರ ನೆರವನ್ನು ಕರೆಯಬೇಕಾದ ಗಳಿಗೆ.

ಇಷ್ಟೆಲ್ಲ ಮಾಡಿಯೂ ಚಳಿ ತಡೆಯಲಾರದೆ ಹೋದಾಗ ಮನುಷ್ಯನು ಸಹಜವಾಗಿ ಬೆಂಕಿಯ ಕಡೆ ತಿರುಗುತ್ತಾನೆ. ಹ್ಯೂಸ್ಟನ್ನಿನಲ್ಲಿ ಒಂದು ಸಂಸಾರವು ಮನೆಗೆ ಅಂಟಿಕೊಂಡಿದ್ದ ಗ್ಯಾರೇಜಿನಲ್ಲಿ ಕಾರನ್ನು ಚಾಲೂ ಮಾಡಿ ಬಿಟ್ಟಿತ್ತು. ಅದರ ಹೊಗೆ ಮನೆಯೊಳಕ್ಕೆ ಹಬ್ಬಿ ತಾಯಿಯೂ ಮಗಳೂ ಮೃತರಾದರು. ಹೊರಗೆ ಮಾಂಸ ಸುಡುವುದಕ್ಕೆಂದಿರುವ ಇದ್ದಲಿನ ಒಲೆಗಳನ್ನು ಎಷ್ಟೋ ಜನ ಕೋಣೆಯೊಳಕ್ಕೆ ತಂದು ಸುತ್ತಲೂ ಕುಳಿತರು. ಇಂಥ ಕಾರಣಗಳಿಂದ ಆಸ್ಪತ್ರೆಗೆ ಓಡಬೇಕಾದವರು ಸಾವಿರಕ್ಕೂ ಮಿಕ್ಕಿದ್ದರು. ಸರ್ಕಾರದ ಲೆಕ್ಕದಲ್ಲಿ 19 ಮಂದಿ ವಿಷಾನಿಲದಿಂದಲೇ ಸತ್ತರು, ಬೆಂಕಿಯ ಅನಾಹುತಗಳಲ್ಲಿ ಇನ್ನೂ 10 ಮಂದಿ. ಚಳಿಯಿಂದ ಸತ್ತವರನ್ನು ಉಳಿಸಬೇಕಾದರೆ ಸರ್ಕಾರವೂ ಜಾಲವೂ ನೆರೆಹೊರೆಯೂ ಕೂಡಿ ದುಡಿಯಬೇಕಾಗಿತ್ತು. ಈ 19 ಪ್ರಾಣಗಳ ಮಾತು ಬೇರೆ. ಅಂಗೈಯಗಲದ ಒಂದೊಂದು ಉಪಕರಣವು ಆ ಮನೆಗಳಲ್ಲಿ ಇದ್ದಿದ್ದರೆ ಅವುಗಳಲ್ಲಿ ಬಹುಪಾಲು ಉಳಿಯುತ್ತಿದ್ದವೆಂದು ನಾನು ನಂಬುತ್ತೇನೆ. ಈ ಲೇಖನದಲ್ಲಿ ನಾನು ಬೇರೆ ಏನನ್ನು ಹೇಳಿದರೂ ಹೇಳದಿದ್ದರೂ ಇದೊಂದನ್ನು ಹೇಳದೆ ಬಿಡಲಾರೆ.

ಇದ್ದಲು, ಕಟ್ಟಿಗೆ, ಪೆಟ್ರೋಲು, ಸೀಮೆಎಣ್ಣೆ, ಗ್ಯಾಸು, ಯಾವುದೇ ಇಂಧನವು ಸಾಕಷ್ಟು ಗಾಳಿಯಿಲ್ಲದೆ ಅರೆಬರೆಯಾಗಿ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣನ್ನು ಉರಿಸುವುದೂ ಇಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಹಿಮೋಗ್ಲೋಬಿನ್ನಿಗೆ ಇದು ಪ್ರಾಣವಾಯುವಿಗಿಂತ ಇನ್ನೂರು ಪಾಲಿಗೂ ಮಿಕ್ಕ ಬಲದಿಂದ ಅಂಟಿಕೊಳ್ಳುವುದರಿಂದ, ಕೋಣೆಯ ಗಾಳಿಯಲ್ಲಿ ಅಲ್ಪವೇ ಇದ್ದರೂ ಕ್ರಮೇಣ ರಕ್ತವನ್ನೆಲ್ಲ ಆಕ್ರಮಿಸುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು, ಇವೇ ಅದರ ಲಕ್ಷಣಗಳು. ಚಳಿಗಾಲದ ಜ್ವರವೇ ಇರಬೇಕೆಂದು ಭಾವಿಸಿ ಮಲಗಿದವರು ಏಳುವುದಿಲ್ಲ. ನಮ್ಮ ಮಲೆನಾಡಿನ ಮನೆಗಳಲ್ಲಿ ಅಗ್ಗಿಷ್ಟಿಕೆಯ ಸುತ್ತ ಕುಳಿತು ಮೈ ಕಾಯಿಸಿಕೊಂಡವರಿಗೆ ಇದರಲ್ಲಿ ಅಪಾಯವೇನೆಂದು ತೋರದಿರಬಹುದು. ಆದರೆ ಹೆಂಚಿನ ಸಂದಿಗಳಿಂದಲೂ ಗೋಡೆಯ ಮೇಲಣ ತೆರಪಿನಿಂದಲೂ ಗಾಳಿಯಾಡುವ ಆ ಮನೆಗಳೇ ಬೇರೆ, ಶಾಖವು ಹೊರಹೋಗದಂತೆ ಸುತ್ತಲೂ ಬಿಗಿಯಾಗಿ ಮುಚ್ಚಿದ ಈ ಮನೆಗಳೇ ಬೇರೆ. ಬೆಂಗಳೂರಿನಂಥ ನಗರಗಳಲ್ಲಿ ಕಿಟಕಿ ಮುಚ್ಚಿದ ಸ್ನಾನದ ಕೋಣೆಯಲ್ಲಿ ಗ್ಯಾಸ್ ಗೀಸರ್ ಹೊತ್ತಿಸಿ ಒಳಗೇ ಪ್ರಾಣಬಿಟ್ಟವರ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿರುತ್ತದಷ್ಟೆ. ಅವರನ್ನು ಕೊಂದದ್ದೂ ಇದೇ ಅನಿಲ.

ಈ ಅನಿಲವನ್ನು ಮೂಗು ಕಂಡುಹಿಡಿಯಲಾರದ್ದರಿಂದ ಅದರ ಕೆಲಸವನ್ನು ಯಂತ್ರಕ್ಕೆ ವಹಿಸಬೇಕು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಎಂಬ ಈ ಯಂತ್ರವು ನೋಡುವುದಕ್ಕೆ ಬಿಳಿಯ ಚಿಕ್ಕ ಡಬ್ಬಿ. ಮುಂಭಾಗದಲ್ಲಿ ಒಂದು ಗುಂಡಿ, ಒಂದು ಹಸಿರು ದೀಪ, ಒಂದು ಕೆಂಪು ದೀಪ, ಹಿಂಭಾಗದಲ್ಲಿ ಸೆಲ್ಲು ಹಾಕುವ ಗೂಡು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಮಾದರಿಗಳೂ ದೊರೆಯುತ್ತವೆ. ಒಳಗೆ ಸೆಲ್ಲಿಲ್ಲದ ಮಾದರಿಯಾದರೆ ಕರೆಂಟು ಹೋದಾಗ, ಎಂದರೆ ಬೇಕಾದ ಹೊತ್ತಿನಲ್ಲಿಯೇ, ಅದು ಮೂಕವಾಗುತ್ತದೆ. ಆದುದರಿಂದ ಸೆಲ್ಲಿನಿಂದ ನಡೆಯುವುದನ್ನೇ ಕೇಳಿ ಕೊಳ್ಳಬೇಕು. ಮಲಗುವ ಕೋಣೆಗಳ ಬಾಗಿಲ ಬಳಿ, ಮನೆಗೆ ಎರಡು ಅಂತಸ್ತುಗಳಿದ್ದರೆ ಅಂತಸ್ತಿಗೊಂದರಂತೆ, ಇರಿಸಬೇಕು. ಗುಂಡಿಯನ್ನೊತ್ತಿದರೆ ನಾಲ್ಕು ಸಲ ಒಂದೇ ಸಮನೆ ಕೂಗಿ, ನಿಂತು, ಮತ್ತೆ ನಾಲ್ಕು ಸಲ ಕೂಗುತ್ತದೆ. ಅನಿಲವನ್ನು ಕಂಡಾಗಲೂ ಅದು ಕೂಗುವ ರೀತಿ ಇದೇ ಆದ್ದರಿಂದ ಮನೆಯ ಮಕ್ಕಳಿಗೂ ಅಜ್ಜಿತಾತಂದಿರಿಗೂ ಒಮ್ಮೆ ಆ ಸದ್ದನ್ನು ಕೇಳಿಸಿಡುವುದು ಒಳ್ಳೆಯದು. ನಿಮಿಷಕ್ಕೊಮ್ಮೆ ಚಿಲಿಪಿಲಿಗುಟ್ಟಿದರೆ ಸೆಲ್ಲು ಮುಗಿಯುತ್ತ ಬಂದಿತೆಂದು ತಿಳಿಯಬೇಕು. ಕಿರಿಕಿರಿಯೆಂದು ಸೆಲ್ಲನ್ನು ಕಿತ್ತಿಟ್ಟು ಮರೆಯಬಾರದು. ಹಿಂಬದಿಯಲ್ಲಿ ಅದರ ಆಯುಷ್ಯವನ್ನು ಅಚ್ಚುಹಾಕಿರುತ್ತಾರೆ. ಆ ವರ್ಷ ಕಳೆದ ಮೇಲೆ ಗುಂಡಿಯೊತ್ತಿದರೆ ಸದ್ದು ಮಾಡೀತಾದರೂ ಅನಿಲವನ್ನು ಗುರುತಿಸುವ ಭರವಸೆಯಿಲ್ಲ. ಕೂಗಿತೆಂದರೆ ಕಾರಣವನ್ನು ಹುಡುಕುತ್ತ ನಿಲ್ಲದೆ ಎಲ್ಲರೂ ಹೊರಕ್ಕೆ ಹೋಗಿ, ಅಲ್ಲಿಂದ ನೆರವಿಗೆ ಫೋನು ಮಾಡತಕ್ಕದ್ದು.

ಜನರೇಟರನ್ನು ಕೊಳ್ಳುವ ಅನುಕೂಲವುಳ್ಳವರು ಮನೆಯಿಂದ, ವಿಶೇಷವಾಗಿ ಕಿಟಕಿ ಬಾಗಿಲುಗಳಿಂದ, 20 ಅಡಿಗಳಿಗಿಂತ ಹತ್ತಿರದಲ್ಲಿ ಅದನ್ನು ನಡೆಸಕೂಡದು. ಗ್ಯಾರೇಜಿನ ಬಾಗಿಲನ್ನು ತೆರೆದಿಟ್ಟರೂ ಒಳಗೆ ನಡೆಸಕೂಡದು. ಅದರ ತಂತಿಯನ್ನು ಮನೆಯ ಗೋಡೆಯ ಪ್ಲಗ್ಗಿಗೆ ನೇರವಾಗಿ ಸೇರಿಸಿದರೆ ವಿದ್ಯುತ್ತು ಹಿಮ್ಮುಖವಾಗಿ ಬೀದಿಯ ತಂತಿಗೇರಿ, ಅದನ್ನು ದುರಸ್ತಿ ಮಾಡುತ್ತಿರುವ ಲೈನ್‌ಮನ್‌ನ ಪ್ರಾಣವನ್ನೇ ತೆಗೆಯಬಹುದಾಗಿದೆ. ಮನೆಯೊಳಗೆ ಉರಿಸಬಹುದೆಂದು ಸ್ಪಷ್ಟವಾಗಿ ಬರೆದಿರುವ, ಪ್ರಾಣವಾಯು ಕಡಿಮೆಯಾದೊಡನೆ ತಾನೇ ಆರುವ ಪ್ರೊಪೇನ್ ಹೀಟರುಗಳೂ ಉಂಟು. ಅವುಗಳನ್ನು ಹೊತ್ತಿಸಿದಾಗಲೂ ಕಿಟಕಿಯನ್ನು ಎರಡು ಬೆರಳಿನಷ್ಟು ತೆರೆದಿಡಬೇಕು, ನಿದ್ದೆ ಹೋಗುವ ಮುನ್ನ ಆರಿಸಬೇಕು. ಹೊಗೆಗೊಳವೆಯುಳ್ಳ ಕಟ್ಟಿಗೆಯ ಒಲೆ ಮಾತ್ರ ಇವೆಲ್ಲಕ್ಕಿಂತ ವಿಶ್ವಾಸಾರ್ಹವಾದದ್ದು. 1998ರ ಜನವರಿ 5ರಿಂದ 10ರವರೆಗೆ ಕೆನಡಾದ ಮಾಂಟ್ರಿಯಲ್ ಸುತ್ತಮುತ್ತ, ಬಿದ್ದಲ್ಲಿಯೇ ಮಂಜುಗಡ್ಡೆಯಾಗುವ ಮಳೆ ಸುರಿದು, ಅದರ ಭಾರಕ್ಕೆ ಸಾವಿರದಷ್ಟು ಉಕ್ಕಿನ ಗೋಪುರಗಳೂ ಮೂವತ್ತು ಸಾವಿರಕ್ಕೂ ಹೆಚ್ಚು ಮರದ ಕಂಬಗಳೂ ಮುರಿದುಬಿದ್ದುವು. ಜಲವಿದ್ಯುತ್ತು ಅಗ್ಗವಾದ ಆ ಕ್ವಿಬೆಕ್ ಪ್ರಾಂತದಲ್ಲಿ ಮನೆಗಳನ್ನು ಬೆಚ್ಚಗಿಡುವುದೂ ವಿದ್ಯುತ್ತಿನಿಂದಲೇ. ಕೆಲವೆಡೆ ಒಂದು ತಿಂಗಳಾದರೂ ಸರಬರಾಜು ಮರಳಲಿಲ್ಲ. ಆಗ ಕಟ್ಟಿಗೆಯ ಒಲೆಯಿದ್ದ ಮನೆಗಳಲ್ಲಿ ನೆಂಟರಿಷ್ಟರೂ ನೆರೆಯವರೂ ಕೂಡಿ ಬದುಕಿದರು. ಆ ಸೌಕರ್ಯವಿರುವವರು ಹೊಗೆಗೊಳವೆಯ ಮಸಿಯನ್ನು ವರ್ಷಕ್ಕೊಮ್ಮೆ ತೆಗೆಸಿ, ಒಣಗಿದ ಕಟ್ಟಿಗೆಯನ್ನು ಮಳೆ ತಾಗದಲ್ಲಿ ಒಟ್ಟಿರಬೇಕು.

ನೀರಿನ ಕಷ್ಟವನ್ನು ಮುಂದಾಗಿ ಊಹಿಸಿದವರು ಬಹಳ ಕಡಿಮೆ. ಟೆಕ್ಸಾಸಿನ ಮನೆಗಳನ್ನು ಬಿಸಿಲಿಗೆಂದು ಕಟ್ಟಿರುತ್ತಾರೆಯೇ ಹೊರತು ಚಳಿಗೆಂದಲ್ಲ. ನೀರಿನ ಕೊಳವೆಗಳು ಎಷ್ಟೋ ಕಡೆ ಮಾಡಿನ ಕೆಳಗಿನ ಅಟ್ಟದಲ್ಲಿ ಹಾಯುತ್ತವೆ. ನೀರು ಗಡ್ಡೆಕಟ್ಟುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದರಿಂದ ಕೊಳವೆ ಸೀಳುತ್ತದೆ. ಗಡ್ಡೆ ಕರಗಿದ ಮೇಲೆ ಆ ಸೀಳಿನಿಂದ ನೀರು ಧಾರಾಕಾರವಾಗಿ ಸುರಿದು ಛಾವಣಿಯೇ ಕುಸಿಯುತ್ತದೆ. ಚಳಿಯ ಮುನ್ಸೂಚನೆ ಬಂದ ಕೂಡಲೇ ಹೊರಗೋಡೆಯ ಬದಿಯ ನಲ್ಲಿಗಳನ್ನು ತೊಟ್ಟಿಕ್ಕುವಂತೆ ಸಡಿಲಿಸಿಡುವುದು, ಸಿಂಕಿನ ಕೆಳಗಿನ ಬೀರುವಿನ ಬಾಗಿಲನ್ನು ತೆರೆದಿಟ್ಟು ಕೋಣೆಯ ಹವೆಯನ್ನು ಕೊಳವೆಗೆ ತಾಗಿಸುವುದು, ಅಂಗಳದ ನಲ್ಲಿಗೆ ಚಿಂದಿಯನ್ನೂ ಪ್ಲಾಸ್ಟಿಕ್ಕನ್ನೂ ಸುತ್ತುವುದು, ಇವು ಮುಖ್ಯ. ಮನೆಗೆ ನೀರು ಬರುವ ಮುಖ್ಯ ವಾಲ್ವು ಎಲ್ಲಿದೆ, ಅದನ್ನು ತಿರುಗಿಸಲು ಯಾವ ಸ್ಪ್ಯಾನರು ಬೇಕು ಎಂಬುದನ್ನು ಹಗಲಿನಲ್ಲಿಯೇ ನೋಡಿಟ್ಟುಕೊಂಡಿರಬೇಕು; ಕೊಳವೆ ಒಡೆದ ಕತ್ತಲೆಯಲ್ಲಿ ಹುಡುಕಿದರೆ ಸಿಕ್ಕದು.

ನೀರು ಸರಬರಾಜಿನ ಸ್ಥಾವರಗಳಲ್ಲಿ ವಿದ್ಯುತ್ತಿಲ್ಲದ್ದರಿಂದಲೂ, ಒಡೆದ ಕೊಳವೆಗಳಲ್ಲಿ ನೀರು ಸೋರಿ ಒತ್ತಡ ಕುಸಿದದ್ದರಿಂದಲೂ, ಆ ವಾರ ಟೆಕ್ಸಾಸಿನಲ್ಲಿ ಒಂದು ಕೋಟಿಗೂ ಹೆಚ್ಚು ಜನಕ್ಕೆ ನೀರನ್ನು ಕುದಿಸಿಯೇ ಕುಡಿಯಬೇಕೆಂಬ ಆಜ್ಞೆ ಹೊರಟಿತು. ಆಸ್ಟಿನ್ನಿನಲ್ಲಿ ಆ ಆಜ್ಞೆ ಫೆಬ್ರವರಿ 17ರಿಂದ 23ರವರೆಗೆ ಜಾರಿಯಲ್ಲಿತ್ತು. ವಿದ್ಯುತ್ತಿನ ಒಲೆಯೇ ಗತಿಯಾದ ಮನೆಯವರು ಯಾವುದರಿಂದ ಕುದಿಸಬೇಕು? ಈ ಪ್ರಶ್ನೆಗೆ ಉತ್ತರವು ಮೊದಲೇ ಕೂಡಿಟ್ಟ ನೀರು: ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಕಡೆಯ ಪಕ್ಷ ಮೂರು ದಿನಗಳಿಗಾಗುವಷ್ಟು. ಕುದಿಸುವ ಅನುಕೂಲವಿದ್ದರೆ ನೀರು ಚೆನ್ನಾಗಿ ಮರಳತೊಡಗಿದ ಮೇಲೆ ಒಂದು ನಿಮಿಷ ಸಾಕು. ಸುವಾಸನೆ ಬೆರೆಸದ, ನೂರಕ್ಕೆ ಆರರ ಬಲದ ಬ್ಲೀಚಿನ ಎಂಟು ಹನಿಗಳನ್ನು ಸುಮಾರು ನಾಲ್ಕು ಲೀಟರು ತಿಳಿನೀರಿಗೆ ಬೆರೆಸಿ ಅರ್ಧ ಗಂಟೆ ಬಿಟ್ಟು ಕುಡಿಯಬಹುದೆಂದೂ ವಿಧಿಯಿದೆ. ಪಾಯಿಖಾನೆಗೆ ಸ್ನಾನದ ತೊಟ್ಟಿಯನ್ನು ಮುಂಚಿನ ದಿನವೇ ತುಂಬಿಸಿಡತಕ್ಕದ್ದು.

ಆಹಾರದ ವಿಷಯದಲ್ಲಿ ನಮ್ಮವರಷ್ಟು ಭಾಗ್ಯವಂತರು ಅಲ್ಲಿ ಯಾರೂ ಇಲ್ಲವೆಂದೇ ನನ್ನ ಅಭಿಪ್ರಾಯ. ಅಲ್ಲಿನ ಪಟ್ಟಿಗಳಲ್ಲಿ ಡಬ್ಬಿಯ ಆಹಾರ, ಅದನ್ನು ಕೈಯಿಂದ ತೆರೆಯುವ ಸಾಧನ ಎಂದೆಲ್ಲ ಬರೆದಿರುತ್ತದೆ, ಅವೂ ಇರಲಿ. ಆದರೆ ಒಲೆಯೇ ಬೇಡದ ಅಡುಗೆಯೆಂಬ ವಿದ್ಯೆಯನ್ನು ನಮ್ಮ ಮನೆಗಳು ಬಹುಕಾಲದಿಂದ ರೂಢಿಸಿಕೊಂಡಿವೆ. ತೆಳು ಅವಲಕ್ಕಿಯ ಮೇಲೆ ನೀರು ಚಿಮುಕಿಸಿ, ಚಟ್ನಿಪುಡಿಯನ್ನೂ ಉಪ್ಪನ್ನೂ ಒಂದು ಚಮಚ ಹಸಿ ಎಣ್ಣೆಯನ್ನೂ ಕಲೆಸಿದರೆ ಊಟವೇ ಆಯಿತು. ದಪ್ಪ ಅವಲಕ್ಕಿಯನ್ನು ನೆನೆಸಿ, ಫ್ರಿಜ್ಜಿನಲ್ಲಿ ಕೆಡುವುದಕ್ಕೆ ಮುನ್ನ ಮುಗಿಸಬೇಕಾದ ಮೊಸರನ್ನು ಅದಕ್ಕೆ ಸುರಿದರೆ ಇನ್ನೊಂದು ಹೊತ್ತು ಕಳೆಯಿತು. ಹುರಿಹಿಟ್ಟಿಗೆ ಬೆಲ್ಲ, ಬಾಳೆಹಣ್ಣು ಸೇರಿದರೆ ಮಕ್ಕಳಿಗೂ ಹಲ್ಲಿಲ್ಲದ ಹಿರಿಯರಿಗೂ ಸಮವಾಗಿ ಸಲ್ಲುತ್ತದೆ. ಹುರಿಗಡಲೆ, ಕಡಲೆಕಾಯಿ ಬೀಜ, ಮಂಡಕ್ಕಿ, ರವೆಯುಂಡೆಗಳ ಡಬ್ಬಿಗಳು ಚಳಿಗಾಲವಿಡೀ ತುಂಬಿರಲಿ. ಶರೀರವು ಶಾಖವನ್ನು ಹುಟ್ಟಿಸಬೇಕಾದರೆ ಹೊಟ್ಟೆಗೆ ಬಿದ್ದಿರಬೇಕು. ಕರೆಂಟಿರುವಾಗಲೇ ಕಾಯಿಸಿ ತುಂಬಿಟ್ಟ ಎರಡು ಒಳ್ಳೆಯ ಥರ್ಮಾಸ್ ಫ್ಲಾಸ್ಕುಗಳ ಬಿಸಿನೀರು ಮೊದಲ ರಾತ್ರಿಗೆ ದೊಡ್ಡ ಆಧಾರ. ಬಾಗಿಲು ತೆರೆಯದಿದ್ದರೆ ಫ್ರಿಜ್ಜು ನಾಲ್ಕು ಗಂಟೆಗಳ ಕಾಲವೂ, ತುಂಬಿದ ಫ್ರೀಜರು 48 ಗಂಟೆಗಳ ಕಾಲವೂ ತಣ್ಪನ್ನು ಉಳಿಸಿಕೊಳ್ಳುತ್ತವೆ.

ಬೆಳಕಿಗೆ ಎಲ್.ಇ.ಡಿ. ಟಾರ್ಚು, ಹಣೆಗೆ ಕಟ್ಟಿಕೊಳ್ಳುವ ದೀಪ, ಮಿಗುವಷ್ಟು ಸೆಲ್ಲು, ಇಷ್ಟೇ. ರಗ್ಗುಗಳನ್ನು ತೂಗುಹಾಕಿದ ಇಕ್ಕಟ್ಟಾದ ಕೋಣೆಯಲ್ಲಿ ಮೇಣದ ಬತ್ತಿ ಬೇಡವೇ ಬೇಡ. ಸುದ್ದಿ ತಿಳಿಯಲು ಹಿಡಿಯನ್ನು ತಿರುಗಿಸಿ ನಡೆಸುವ ಚಿಕ್ಕ ರೇಡಿಯೊ, ಮೊಬೈಲಿಗೆ ತುಂಬಿಟ್ಟ ಪವರ್ ಬ್ಯಾಂಕು, ಮೊಬೈಲೇ ಸತ್ತುಹೋದರೆ ಗತಿಯಾಗಲೆಂದು ನಾಲ್ಕು ಫೋನ್ ನಂಬರುಗಳನ್ನು ಬರೆದ ಒಂದು ಕಾಗದ.

ಗ್ಯಾರೇಜಿನ ಬಾಗಿಲಿನ ವಿಷಯ ಮಾತ್ರ ಪ್ರತ್ಯೇಕವಾಗಿ ಹೇಳಬೇಕಾದದ್ದು. ಅದು ವಿದ್ಯುತ್ತಿನಿಂದ ಏಳುವ ಬಾಗಿಲು. ಕರೆಂಟಿಲ್ಲದಾಗ ಕಾರು ಒಳಗೆ ಸೆರೆಯಾಗುತ್ತದೆ. ಚಾವಣಿಯಲ್ಲಿರುವ ಯಂತ್ರದ ಕಂಬಿಯಿಂದ ಸಾಮಾನ್ಯವಾಗಿ ಕೆಂಪು ಹಿಡಿಯ ಒಂದು ಹಗ್ಗ ಜೋಲುತ್ತಿರುತ್ತದೆ. ಬಾಗಿಲು ಮುಚ್ಚಿರುವಾಗ ಅದನ್ನು ಕೆಳಕ್ಕೆ ಎಳೆದರೆ ಯಂತ್ರದ ಬಂಧನ ಕಳಚಿ, ಬಾಗಿಲನ್ನು ಎರಡು ಕೈಗಳಿಂದ ಎತ್ತಬಹುದು. ಕಾರನ್ನು ಹೊರಕ್ಕೆ ತಂದು, ಹೊಗೆ ಬಿಡುವ ಕೊಳವೆಗೆ ಹಿಮ ಮುಚ್ಚಿಲ್ಲವೆಂದು ನೋಡಿಕೊಂಡ ಮೇಲೆಯೇ ಅದರಲ್ಲಿ ಕುಳಿತು ಮೈ ಬೆಚ್ಚಗೆ ಮಾಡಿಕೊಳ್ಳುವುದಾಗಲಿ ಫೋನಿಗೆ ಚಾರ್ಜು ತುಂಬಿಸುವುದಾಗಲಿ. ಚಳಿಗಾಲದಲ್ಲಿ ಪೆಟ್ರೋಲಿನ ಟ್ಯಾಂಕು ಅರ್ಧಕ್ಕಿಂತ ಕೆಳಗಿಳಿಯಬಾರದು.

ಔಷಧಗಳಲ್ಲಿ ಇನ್ಸುಲಿನ್ನಿನ ಕಡೆ ಗಮನ ಬೇಕು. ಅದು ಬಿಸಿಯಲ್ಲಿ ಕೆಡುತ್ತದೆಂಬುದು ನಮಗೆಲ್ಲ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ, ಕರಗಿದ ಮೇಲೆ ಅದನ್ನು ಮತ್ತೆ ಬಳಸಕೂಡದು. ಫ್ರಿಜ್ಜು ನಿಂತಿತೆಂದು ಅದನ್ನು ಕಿಟಕಿಯಾಚೆಯ ಹಿಮದಲ್ಲಿಡದೆ, ಮನೆಯವರು ಸೇರಿರುವ ಕೋಣೆಯಲ್ಲಿಯೇ ಇರಿಸಿಕೊಳ್ಳಬೇಕು. ಆಮ್ಲಜನಕದ ಯಂತ್ರವನ್ನು ಅವಲಂಬಿಸಿದವರಿದ್ದರೆ ಮನೆಯಲ್ಲಿ ಕಾಯುತ್ತ ಕುಳಿತುಕೊಳ್ಳುವುದೇ ತಪ್ಪು. ಎಚ್ಚರಿಕೆ ಬಂದ ದಿನವೇ ವಿದ್ಯುತ್ತಿನ ಭರವಸೆಯಿರುವ ಕಡೆಗೆ ಅವರನ್ನು ಸಾಗಿಸಬೇಕು.

ಟೆಕ್ಸಾಸಿನಲ್ಲಿ 2011ರ ಫೆಬ್ರವರಿಯಲ್ಲಿಯೂ ಇಂಥದೇ ಕಡಿತವಾಗಿ, ಸ್ಥಾವರಗಳನ್ನು ಚಳಿಗೆ ಸಜ್ಜುಗೊಳಿಸಬೇಕೆಂದು ತಜ್ಞರು ಸಲಹೆ ಕೊಟ್ಟಿದ್ದರು. ಅದನ್ನು ಕಡ್ಡಾಯಮಾಡುವ ಶಾಸನವು ಬಂದದ್ದು 2021ರ ಸಾವುಗಳಾದ ಮೇಲೆ. ಜಾಲವು ಈಗ ಮೊದಲಿಗಿಂತ ಗಟ್ಟಿಯಾಗಿರಬಹುದು. ಆದರೆ ತಂತಿಯ ಮೇಲೆ ಮಂಜುಗಡ್ಡೆ ಕಟ್ಟಿ ಮರದ ಕೊಂಬೆ ಮುರಿದುಬಿದ್ದರೆ ಯಾವ ಶಾಸನವೂ ಆ ಬೀದಿಯ ಕರೆಂಟನ್ನು ಉಳಿಸಲಾರದು. ನಿಮ್ಮ ಮಗನೋ ಮಗಳೋ ಅಂಥ ನಾಡಿನಲ್ಲಿದ್ದರೆ, ಈ ಭಾನುವಾರ ಫೋನಿನಲ್ಲಿ ಊಟ ಆಯಿತೆ ಎಂದು ಕೇಳಿದ ಮೇಲೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಮನೆಯಲ್ಲಿದೆಯೆ, ಅದರ ಗುಂಡಿಯನ್ನೊತ್ತಿ ನೋಡಿ ಎಷ್ಟು ದಿನವಾಯಿತು ಎಂದೂ ದಯವಿಟ್ಟು ಕೇಳಿರಿ. ಇಲ್ಲವೆಂದಾದರೆ ಮೊದಲು ಅದನ್ನು ತರಲಿ; ಮಿಕ್ಕ ಸಾಮಾನುಗಳು ಒಂದೊಂದಾಗಿ ಬಂದು ಸೇರಿಕೊಳ್ಳಲಿ.